ಮೀನು ಫ್ರೀಜ್ ಮಾಡಲು ವ್ಯಾಕ್ಯೂಮ್ ಸೀಲರ್: ಕೊಳ್ಳುವ ಮೊದಲು, ಕೊಂಡ ಮೇಲೆ

ಮೇ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರತೊಡಗುತ್ತವೆ. ಕವರಿನೊಳಗೆ ಅಂಜಲ್ ಮೀನಿನ ತುಂಡು, ಸುತ್ತ ಗಾಳಿ, ಬಾಯಿಯ ಹತ್ತಿರ ಕೆಂಪು ನೀರು. ಕೆಳಗೆ ಒಂದೇ ಪ್ರಶ್ನೆ: "ನಿನ್ನೆ ಗಟ್ಟಿಯಾಗಿ ಅಂಟಿತ್ತು ಮಾರಾಯ್ರೆ, ಇವತ್ತು ನೋಡಿದ್ರೆ ಸಡಿಲ. ಮಷಿನ್ ಹಾಳಾ?"

ಮಷಿನ್ ಎಂದರೆ ಕವರಿನ ಗಾಳಿ ಎಳೆದು ಬಾಯಿ ಅಂಟಿಸುವ ವ್ಯಾಕ್ಯೂಮ್ ಸೀಲರ್. ಅದು ಹಾಳಾಗಿರುವುದು ಅಪರೂಪ. ಗೋಡಂಬಿ, ಕಾಫಿ ಪುಡಿ ಸೀಲ್ ಮಾಡಲು ಸಾಕಾಗುವ ಮಷಿನ್ ತಂದು ಅದರಲ್ಲಿ ಒದ್ದೆ ಮೀನು ಹಾಕಿರುತ್ತಾರೆ. ಇಲ್ಲವೇ ಮಷಿನ್ ಸರಿಯಾಗಿಯೇ ಇದ್ದು ಕೆಲಸದ ಕ್ರಮ ತಪ್ಪಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳಿಗೆಂದು ಕೂಡಿಟ್ಟ ಮೀನು ಜೂನ್ ಮಧ್ಯದಲ್ಲೇ ಒಣಗಿ ಬಿಳಿಚಿಕೊಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಹಾಗಾಗಿ ಮಷಿನ್ ಆಯ್ಕೆಯನ್ನು ಮೊದಲಿನಿಂದ, ಒಂದೊಂದೇ ಹಂತವಾಗಿ ಬರೆದಿದ್ದೇನೆ. ದಯವಿಟ್ಟು ನೇರ 4ನೇ ಹಂತಕ್ಕೆ ಹಾರಬೇಡಿ. ಹೆಚ್ಚಿನವರು ಎಡವುವುದು 1ರಲ್ಲೇ.

ಹಂತ 1: ಮಷಿನ್ ಬಿಡಿ, ಮೊದಲು ಫ್ರೀಜರ್ ನೋಡಿ

ಮೀನು ತಿಂಗಳುಗಟ್ಟಲೆ ಚೆನ್ನಾಗಿರಲು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಬೇಕು. ಒಂದೇ ಬಾಗಿಲಿನ ಹಳೆ ಫ್ರಿಜ್‌ಗಳ ಮೇಲಿನ ಪುಟ್ಟ ಡಬ್ಬ ಎಷ್ಟೋ ಸಲ ಅಷ್ಟು ತಣ್ಣಗಾಗುವುದೇ ಇಲ್ಲ. ಅದರಲ್ಲಿ ಐಸ್ ಕಟ್ಟುತ್ತದೆ, ನಿಜ. ಆದರೆ ನೀರು ಸೊನ್ನೆಗೇ ಕಟ್ಟುತ್ತದಲ್ಲ!

ಪರೀಕ್ಷೆ ಸುಲಭ. ಫ್ರೀಜರ್ ಥರ್ಮಾಮೀಟರ್ ಒಂದನ್ನು ತಂದು ಸಾಮಾನುಗಳ ನಡುವೆ ಒಂದು ರಾತ್ರಿ ಇಡಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಓದಿ. ಥರ್ಮಾಮೀಟರ್ ಇಲ್ಲವಾ? ಐಸ್‌ಕ್ರೀಮ್ ಡಬ್ಬ ಇಡಿ. ಮರುದಿನ ಚಮಚ ಸಲೀಸಾಗಿ ಇಳಿದರೆ ಆ ಫ್ರೀಜರಿಗೆ ವ್ಯಾಕ್ಯೂಮ್ ಸೀಲರ್ ತರುವುದು ದುಡ್ಡು ದಂಡ. ಗಾಳಿ ತೆಗೆದ ಮಾತ್ರಕ್ಕೆ ಚಳಿ ಜಾಸ್ತಿಯಾಗುವುದಿಲ್ಲ.

ಇನ್ನೊಂದು ಲೆಕ್ಕ. ಫ್ರೀಜರಿನ ಪ್ರತಿ 28 ಲೀಟರ್ ಜಾಗಕ್ಕೆ ದಿನಕ್ಕೆ ಹೆಚ್ಚೆಂದರೆ 1ರಿಂದ 1.4 ಕಿಲೋ ಹೊಸ ಸಾಮಾನು ಹಾಕಬಹುದು. ನಿಮ್ಮದು 60 ಲೀಟರ್ ಫ್ರೀಜರ್ ಎಂದುಕೊಳ್ಳಿ. ಒಂದು ದಿನಕ್ಕೆ 2ರಿಂದ 3 ಕಿಲೋ ಮೀನು, ಅಷ್ಟೇ. ಮಲ್ಪೆ ಬಂದರಿನಿಂದ 8 ಕಿಲೋ ಅಂಜಲ್ ತಂದು ಒಂದೇ ಸಲ ತುಂಬಿದರೆ ಒಳಗಿನ ಪ್ಯಾಕೆಟ್‌ಗಳು ಗಟ್ಟಿಯಾಗಲು ಒಂದೂವರೆ ದಿನವಾದರೂ ಆಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟುವಾಗ ಮಾಂಸದೊಳಗೆ ದೊಡ್ಡ ದೊಡ್ಡ ಐಸ್ ಹರಳುಗಳಾಗಿ ನಾರು ಹರಿಯುತ್ತದೆ. ಕರಗಿಸಿದಾಗ ತಟ್ಟೆ ತುಂಬಾ ನೀರು, ಮೀನು ಹಿಂಡಿದ ಬಟ್ಟೆಯ ಹಾಗೆ. ಆಮೇಲೆ ಬೈಗುಳ ಮಷಿನ್‌ಗೆ.

ಜಾಸ್ತಿ ಮೀನು ತಂದಿದ್ದರೆ ಕಂತಿನಲ್ಲಿ ಹಾಕಿ. ಉಳಿದದ್ದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸ್ ನಡುವೆ ಕಾಯಲಿ. ಕರಗಿದ ನೀರು ಹೊರಗೆ ಹೋಗುವಂತೆ ಪೆಟ್ಟಿಗೆಗೆ ತೂತಿರಬೇಕು.

ಹಂತ 2: ಯಾವ ಮೀನು, ಎಷ್ಟು, ಎಷ್ಟು ದಿನಕ್ಕೆ?

ಎರಡು ವಾರಕ್ಕೊಮ್ಮೆ ಒಂದು ಕಿಲೋ ತಂದು ಹತ್ತು ದಿನದೊಳಗೆ ಮುಗಿಸುವ ಮನೆಗೆ ಈ ಮಷಿನ್ ಬೇಕಿಲ್ಲ. ದಪ್ಪ ಜಿಪ್ ಕವರಿಗೆ ಮೀನು ಹಾಕಿ, ಜಿಪ್ಪನ್ನು ಒಂದು ಮೂಲೆ ಬಿಟ್ಟು ಮುಚ್ಚಿ. ಕವರನ್ನು ಬಕೆಟ್ ನೀರಿನಲ್ಲಿ ನಿಧಾನವಾಗಿ ಮುಳುಗಿಸಿ. ನೀರಿನ ಒತ್ತಡಕ್ಕೆ ಗಾಳಿ ಹೊರಟುಹೋಗುತ್ತದೆ. ಬಾಯಿ ಮಾತ್ರ ನೀರಿನ ಮೇಲಿದ್ದಾಗ ಮೂಲೆ ಮುಚ್ಚಿಬಿಡಿ. ಖರ್ಚಿಲ್ಲ, ಸದ್ದಿಲ್ಲ.

ಮಷಿನ್ ಬೇಕಾಗುವುದು ಮೂರು ಥರದವರಿಗೆ. ಮೀನುಗಾರಿಕೆ ರಜೆಗೆ ಕೂಡಿಡುವವರು. ಬೆಂಗಳೂರು, ಮೈಸೂರಿನಲ್ಲಿದ್ದು ಊರಿಗೆ ಹೋದಾಗಲೆಲ್ಲ ಪೆಟ್ಟಿಗೆ ಕಟ್ಟಿಸಿಕೊಂಡು ಬರುವವರು. ಗಾಳ ಹಾಕುವ ಹವ್ಯಾಸ ಇದ್ದು ಒಂದು ದಿನ ಬರಿಗೈ, ಒಂದು ದಿನ ಹತ್ತು ಕಿಲೋ ಎನ್ನುವವರು.

ಮೀನಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಬಂಗುಡೆ, ಬೂತಾಯಿಯಲ್ಲಿ ಎಣ್ಣೆಯಂಶ ಜಾಸ್ತಿ. (ಬೂತಾಯಿ ಎಂದರೆ ಕಾರವಾರ ಕಡೆಯವರ ತಾರ್ಲೆ.) ಆ ಎಣ್ಣೆ ಗಾಳಿ ತಾಗಿದರೆ ಕಮಟು ವಾಸನೆ ಹಿಡಿಯುತ್ತದೆ, ಫ್ರೀಜರಿನಲ್ಲೂ ಬಿಡುವುದಿಲ್ಲ. ಇಂಥ ಮೀನಿಗೆ ಸಾಮಾನ್ಯವಾಗಿ ಹೇಳುವ ಗಡುವು 2-3 ತಿಂಗಳು. ಎಣ್ಣೆ ಕಡಿಮೆ ಇರುವ ಕಾಣೆ, ನಂಗ್ ಥರದವು 6-8 ತಿಂಗಳು ತಡೆಯುತ್ತವೆ. ಸೀಲ್ ಸರಿಯಾಗಿದ್ದರೆ ರುಚಿ ಇನ್ನಷ್ಟು ದಿನ ಉಳಿಯುತ್ತದೆ. ಆದರೂ ಬಂಗುಡೆಯನ್ನು ವರ್ಷಗಟ್ಟಲೆ ಇಡುವ ಆಸೆ ಬೇಡ. 61 ದಿನಕ್ಕೆ ಎರಡೂ ಧಾರಾಳ ಸಾಕು. ಅಂದರೆ ನಿಮಗೆ ಬೇಕಿರುವುದು ಹೋಟೆಲಿನವರ ದೊಡ್ಡ ಯಂತ್ರವಲ್ಲ, ಎರಡು ತಿಂಗಳು ಬಿಡದೆ ಹಿಡಿದುಕೊಳ್ಳುವ ಒಂದು ಅಂಟು.

ಹಂತ 3: ಮಷಿನ್‌ನ ಜಾತಿ ಗುರುತಿಸಿ

ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ನಾಲ್ಕು ಬೇರೆ ಬೇರೆ ಸಾಮಾನುಗಳನ್ನು ಒಂದೇ ಹೆಸರಿನಲ್ಲಿ ಮಾರುತ್ತಾರೆ.

ಒಂದು, ಬರೀ ಸೀಲರ್. ಚಿಪ್ಸ್ ಅಂಗಡಿಯಲ್ಲಿ ಕೈಯಿಂದ ಒತ್ತುತ್ತಾರಲ್ಲ, ಅದು. ಬಿಸಿ ಮಾಡಿ ಅಂಟಿಸುತ್ತದೆ, ಗಾಳಿ ಎಳೆಯುವುದಿಲ್ಲ. ಅಗ್ಗ ಎಂದು ಇದನ್ನು ತಂದು "ಗಾಳಿ ಹೋಗ್ತಾ ಇಲ್ಲ" ಎಂದು ಕೇಳಿದವರು ಒಬ್ಬಿಬ್ಬರಲ್ಲ.

ಎರಡು, ಕೈಯಲ್ಲಿ ಹಿಡಿಯುವ ಪುಟ್ಟ ಪಂಪ್. ಜಿಪ್ ಕವರಿನ ಮೇಲಿರುವ ವಾಲ್ವಿಗೆ ಇಟ್ಟು ಗಾಳಿ ಎಳೆಯುವುದು. ವಾರ, ಹದಿನೈದು ದಿನಕ್ಕೆ ಅಡ್ಡಿಯಿಲ್ಲ. ಫ್ರೀಜರಿನ ಚಳಿಗೆ ಜಿಪ್ ಸೆಟೆದುಕೊಂಡು, ವಾಲ್ವಿಗೆ ಮೀನಿನ ನೀರು ತಾಗಿ ಗಾಳಿ ನುಸುಳುತ್ತದೆ. ಎರಡು ತಿಂಗಳಿಗೆ ಇದನ್ನು ನಂಬಬೇಡಿ.

ಮೂರು, ಕವರಿನ ಬಾಯಿಯನ್ನು ಮಾತ್ರ ಒಳಗಿಟ್ಟು ಮುಚ್ಚಳ ಒತ್ತುವ ಉದ್ದನೆಯ ಮಷಿನ್. ಮನೆಗಳಲ್ಲಿ ಇರುವುದು ಹೆಚ್ಚಾಗಿ ಇದೇ, ಈ ಬರಹವೂ ಹೆಚ್ಚಾಗಿ ಇದರ ಬಗ್ಗೆಯೇ. ಇದರ ದೌರ್ಬಲ್ಯ ಒಂದೇ. ಪಂಪ್ ಗಾಳಿ ಎಳೆಯುವಾಗ ನೀರನ್ನೂ ಎಳೆಯುತ್ತದೆ.

ನಾಲ್ಕು, ಚೇಂಬರ್ ಮಷಿನ್. ಕವರ್ ಪೂರ್ತಿ ಪೆಟ್ಟಿಗೆಯೊಳಗೆ ಕೂರುತ್ತದೆ. ಒಳಗೂ ಹೊರಗೂ ಒತ್ತಡ ಒಟ್ಟಿಗೇ ಇಳಿಯುವುದರಿಂದ ನೀರು ಕವರಿನಲ್ಲೇ ಉಳಿಯುತ್ತದೆ. ಒದ್ದೆ ಮೀನಿಗೆ, ಮಸಾಲೆ ಹಚ್ಚಿದ ಮೀನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಮೂರನೆಯದಕ್ಕಿಂತ ಬೆಲೆ ಹಲವು ಪಟ್ಟು, ತೂಕ ಗ್ರೈಂಡರಿನಷ್ಟು. ಮಾರಾಟಕ್ಕೆ ಪ್ಯಾಕ್ ಮಾಡುವವರು ತೆಗೆದುಕೊಳ್ಳಲಿ. ಮನೆಗೆ ಬೇಡ ಎಂದೇ ನನ್ನ ಅಭಿಪ್ರಾಯ.

ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಎಂದರೆ ಒಂದು ಮಾತು. ಅಲ್ಲಿಯ ಮಷಿನ್ 120 ವೋಲ್ಟಿನದು, ನಮ್ಮ ಪ್ಲಗ್ಗಿನಲ್ಲಿ ಬರುವುದು 230. ಪಿನ್ ಬದಲಿಸುವ ಸಣ್ಣ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಸಿಕ್ಕಿಸಿದ ಕೂಡಲೇ ಸುಟ್ಟುಹೋಗುತ್ತದೆ. ಗಲ್ಫ್ ದೇಶಗಳಿಂದ ತಂದರೂ ಹಿಂಬದಿಯ ಚೀಟಿಯಲ್ಲಿ 220-240 ಎಂದು ಇದೆಯಾ ನೋಡಿ.

ಹಂತ 4: ಡಬ್ಬದ ಮೇಲೆ ಏನು ಓದಬೇಕು

ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿರುವುದು ಎಳೆಯುವ ಶಕ್ತಿ. ಮೈನಸ್ 60 ಕೆಪಿಎ, ಮೈನಸ್ 80 ಕೆಪಿಎ, ಹೀಗೆ. (ಕೆಪಿಎ ಎಂದರೆ ಕಿಲೋಪಾಸ್ಕಲ್, ಒತ್ತಡದ ಅಳತೆ.) ಎಲ್ಲರೂ ಆ ಅಂಕಿ ನೋಡಿಯೇ ಕೊಳ್ಳುತ್ತಾರೆ. ಮೀನಿಗೆ 60 ದಾಟಿದ್ದರೆ ಸಾಕು. 80 ಇದ್ದರೆ ಒಳ್ಳೆಯದು, ಅಷ್ಟೇ. ಕಡಲ ಮಟ್ಟದಲ್ಲಿ ಗಾಳಿಯ ಒತ್ತಡವೇ ಸುಮಾರು 101 ಕೆಪಿಎ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 91ರ ಆಸುಪಾಸು. ಇರುವುದಕ್ಕಿಂತ ಜಾಸ್ತಿ ಎಳೆಯಲು ಯಾವ ಪಂಪಿಗೂ ಆಗದು. ಡಬ್ಬದ ಮೇಲೆ ಮೈನಸ್ 120 ಎಂದು ಬರೆದಿದ್ದರೆ ಆ ಡಬ್ಬದ ಮೇಲಿನ ಉಳಿದ ಮಾತುಗಳನ್ನೂ ನಂಬಬೇಡಿ.

ನಿಜವಾಗಿ ನೋಡಬೇಕಾದ್ದು ಅಂಟು. ನಾನು ನೋಡುವ ಕ್ರಮ ಹೀಗೆ.

ಅಂಟಿನ ಅಗಲ. ಕವರಿನ ಬಾಯಿಗೆ ಬೀಳುವ ಗೆರೆ 2 ಮಿಲಿಮೀಟರ್ ಇದ್ದರೆ ಒಣ ಸಾಮಾನಿಗೆ ಸರಿ. ಮೀನಿಗೆ 5 ಮಿಲಿಮೀಟರ್ ಬೇಕು, ಇಲ್ಲವೇ ಎರಡು ಗೆರೆ ಬೀಳುವ ಮಷಿನ್ ಬೇಕು. ಒಂದು ಗೆರೆಯಲ್ಲಿ ಒಂದು ಹನಿ ನೀರು ಸಿಕ್ಕಿಕೊಂಡರೂ ಇನ್ನೊಂದು ಹಿಡಿದುಕೊಂಡಿರುತ್ತದೆ.

"ಈಗ ಸೀಲ್ ಮಾಡು" ಎನ್ನುವ ಬಟನ್. ಇದಿಲ್ಲದ ಮಷಿನ್ ಮೀನಿಗೆ ಬೇಡವೇ ಬೇಡ. ನನ್ನ ಮೊದಲ ಮಷಿನ್‌ನಲ್ಲಿ ಇದ್ದದ್ದು ಒಂದೇ ಬಟನ್. ಒತ್ತಿದರೆ ತಾನೇ ಎಳೆಯುತ್ತದೆ, ತಾನೇ ಅಂಟಿಸುತ್ತದೆ. ಮೊದಲ ದಿನ ನಾಲ್ಕು ಬಂಗುಡೆ ಹಾಕಿ ಒತ್ತಿದೆ. ಕವರ್ ಮೀನಿಗೆ ಅಂಟುತ್ತಾ ಬಂತು, ನೋಡಲು ಚೆಂದವೇ. ಆಮೇಲೆ ಮೀನಿನ ಕಿವಿರಿನ ಹತ್ತಿರದಿಂದ ತೆಳ್ಳಗಿನ ಕೆಂಪು ಗೆರೆಯೊಂದು ಹೊರಟಿತು. ಕವರಿನ ಉಬ್ಬುಗೆರೆಗಳ ನಡುವೆ ದಾರಿ ಮಾಡಿಕೊಂಡು ಮೇಲೆ ಮೇಲೆ ಹತ್ತಿತು. ನಿಲ್ಲಿಸಲು ಬಟನ್ ಇಲ್ಲ. ಮುಚ್ಚಳ ಎತ್ತೋಣವೆಂದರೆ ಒಳಗಿನ ಎಳೆತಕ್ಕೆ ಅದು ಕಚ್ಚಿಕೊಂಡಿತ್ತು. ರಕ್ತದ ನೀರು ಪಂಪಿನೊಳಕ್ಕೇ ಹೋಯಿತು. ಆ ಮಷಿನ್‌ನಲ್ಲಿ ಆಮೇಲೆ ಏಲಕ್ಕಿ ಸೀಲ್ ಮಾಡಿದರೂ ಬಂಗುಡೆಯ ವಾಸನೆ. ಕೊನೆಗೆ ಅಟ್ಟಕ್ಕೆ ಹೋಯಿತು.

ಒದ್ದೆ ಸಾಮಾನಿನ ಆಯ್ಕೆ. ಒಣ, ಒದ್ದೆ ಎಂದು ಎರಡು ಬಟನ್ ಇರಬೇಕು. ಒದ್ದೆ ಒತ್ತಿದರೆ ಅಂಟಿಸುವ ತಂತಿ ಸ್ವಲ್ಪ ಜಾಸ್ತಿ ಹೊತ್ತು ಬಿಸಿಯಾಗಿರುತ್ತದೆ, ಬಾಯಿಯ ತೇವವನ್ನು ಆವಿ ಮಾಡಿ ಅಂಟಿಸುತ್ತದೆ.

ತೆಗೆದು ತೊಳೆಯಬಹುದಾದ ನೀರಿನ ತಟ್ಟೆ. ಎಷ್ಟು ಜಾಗ್ರತೆ ಮಾಡಿದರೂ ಹತ್ತರಲ್ಲಿ ಒಂದು ಸಲ ನೀರು ಬಂದೇ ಬರುತ್ತದೆ. ಅದು ಪಂಪಿಗೆ ಹೋಗುವ ಬದಲು ಒಂದು ತಟ್ಟೆಯಲ್ಲಿ ಬೀಳಬೇಕು. ಆ ತಟ್ಟೆ ಕಳಚುವಂತಿರಬೇಕು. ಕಳಚದಿದ್ದರೆ ಮೂರೇ ದಿನಕ್ಕೆ ಅಡುಗೆಮನೆ ಬಂದರಿನಂತಾಗುತ್ತದೆ.

ಮುಚ್ಚಳದ ಬೀಗ. ಎರಡೂ ಬದಿ ಕೈಯಿಂದ ಒತ್ತಿ ಹಿಡಿಯಬೇಕಾದ ಮಷಿನ್‌ನಲ್ಲಿ ಕವರನ್ನು ಹಿಡಿಯಲು ಮೂರನೇ ಕೈ ಬೇಕು. ಒಂದು ಹಿಡಿ ತಿರುಗಿಸಿದರೆ ತಾನೇ ಕಚ್ಚಿಕೊಳ್ಳುವಂಥದ್ದನ್ನು ಆರಿಸಿ.

ಗ್ಯಾಸ್ಕೆಟ್. ಮುಚ್ಚಳದ ಸುತ್ತ ಇರುವ ಮೆತ್ತನೆ ಪಟ್ಟಿ. ಕುಕ್ಕರಿನ ಗ್ಯಾಸ್ಕೆಟ್ಟಿನ ತಮ್ಮ ಎಂದುಕೊಳ್ಳಿ. ಕೆಲವದರಲ್ಲಿ ಸ್ಪಂಜಿನಂಥದ್ದು, ಕೆಲವದರಲ್ಲಿ ಸಿಲಿಕೋನ್. ಸ್ಪಂಜು ಮೀನಿನ ನೀರು ಹೀರಿಕೊಂಡು ಚಪ್ಪಟೆಯಾಗುತ್ತದೆ. ಸಿಲಿಕೋನ್ ಇದ್ದರೆ ಒರೆಸಿದರಾಯಿತು. ಯಾವುದಾದರೂ ಸರಿ, ಬೇರೆ ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದಾ ಎಂದು ಕೊಳ್ಳುವ ಮೊದಲೇ ಕೇಳಿ. ಈ ಪಟ್ಟಿ ಸಿಗದೆ ಮೂಲೆ ಸೇರಿದ ಮಷಿನ್‌ಗಳನ್ನು ಸಾಕಷ್ಟು ನೋಡಿದ್ದೇನೆ.

ಎರಡು ಸೀಲಿನ ನಡುವಿನ ವಿರಾಮ. ಮನೆ ಮಷಿನ್‌ಗಳ ತಂತಿಗೆ ಆರಲು ಸಮಯ ಬೇಕು. ಎಷ್ಟು ಸೆಕೆಂಡ್ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. 8 ಕಿಲೋ ಮೀನನ್ನು ಅರ್ಧ ಅರ್ಧ ಕಿಲೋ ಮಾಡಿದರೆ 16 ಪ್ಯಾಕೆಟ್. ಪ್ರತಿ ಪ್ಯಾಕೆಟ್ಟಿಗೂ ಎರಡೆರಡು ನಿಮಿಷ ಕಾಯಿಸುವ ಮಷಿನ್ ಆದರೆ ಕಾಯುವುದಕ್ಕೇ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮೀನು ಬೆಚ್ಚಗಾಗುತ್ತದೆ.

ಉದ್ದ 28 ಅಥವಾ 30 ಸೆಂಟಿಮೀಟರ್ ಇದ್ದರೆ ಮಾಂಜಿ (ಪಾಂಫ್ರೆಟ್), ದೊಡ್ಡ ಅಂಜಲ್ ತುಂಡು, ಎಲ್ಲಕ್ಕೂ ಆಗುತ್ತದೆ. ಬಣ್ಣ, ಟಚ್ ಸ್ಕ್ರೀನ್, ಒಳಗೊಂದು ದೀಪ, ಇವೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಹಂತ 5: ಕವರ್

ಮಷಿನ್ ಒಮ್ಮೆ ತರುವುದು, ಕವರ್ ಜೀವಮಾನದ ಖರ್ಚು. ಮೂರನೇ ಜಾತಿಯ ಮಷಿನ್‌ಗೆ ಒಂದು ಮಗ್ಗುಲಲ್ಲಿ ಉಬ್ಬುಗೆರೆ ಇರುವ ಕವರೇ ಬೇಕು. ಆ ಗೆರೆಗಳ ಸಂದಿನಿಂದಲೇ ಗಾಳಿ ಹೊರಗೆ ಬರುವುದು. ಎರಡೂ ಕಡೆ ನುಣುಪಾಗಿರುವ ಕವರ್ ಚೇಂಬರ್ ಮಷಿನ್‌ನದು. ಅದು ಅಗ್ಗ ಎಂದು ತಂದರೆ ಎರಡು ಪದರ ಒಂದಕ್ಕೊಂದು ಅಂಟಿ ಗಾಳಿ ಒಳಗೇ ಉಳಿಯುತ್ತದೆ. "ಪಂಪ್ ಸದ್ದು ಮಾಡ್ತದೆ, ಎಳೀತಾ ಇಲ್ಲ" ಎನ್ನುವ ದೂರು ಬಂದಾಗ ನಾನು ಮೊದಲು ಕೇಳುವುದು ಕವರ್ ಯಾವುದು ಎಂದೇ.

ಸಾದಾ ಪಾಲಿಥೀನ್ ಗಾಳಿಯನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ನೈಲಾನ್ ಪದರ ಇರುವುದು ತಡೆಯುತ್ತದೆ. ದಪ್ಪ 90 ಮೈಕ್ರಾನ್ ಆಸುಪಾಸು ಇರಲಿ. ಮುಳ್ಳಿನ ಮೀನಿಗೆ ಅದಕ್ಕಿಂತ ದಪ್ಪ ಸಿಕ್ಕರೆ ಇನ್ನೂ ಒಳ್ಳೆಯದು.

ಕತ್ತರಿಸಿದ ಕವರಿಗಿಂತ ರೋಲ್ ಲಾಭ. 5 ಮೀಟರ್ ರೋಲಿನಿಂದ 30 ಸೆಂಟಿಮೀಟರ್ ಉದ್ದದ 16 ಕವರ್ ಬರುತ್ತವೆ. ಮೇಲಿನ 8 ಕಿಲೋ ಅಂಜಲ್ಲಿಗೆ ಒಂದು ರೋಲ್ ಸರಿಯಾಯಿತು ನೋಡಿ. ಹಸಿ ಮೀನು ಹಾಕಿದ ಕವರನ್ನು ತೊಳೆದು ಮತ್ತೆ ಬಳಸುವ ಉಳಿತಾಯ ಮಾತ್ರ ಬೇಡ.

ಹಂತ 6: ಮಷಿನ್ ಬಂದ ದಿನವೇ ಪರೀಕ್ಷಿಸಿ

ಹಿಂತಿರುಗಿಸುವ ಗಡುವು ಮುಗಿದ ಮೇಲೆ ಮೊದಲ ಸಲ ಡಬ್ಬ ಬಿಚ್ಚುವವರು ಇದ್ದಾರೆ. ಬಂದ ದಿನವೇ ಈ ಮೂರನ್ನು ಮಾಡಿ. ಮೀನು ಬೇಕಿಲ್ಲ.

1. ಕವರಿನೊಳಗೆ ಮುದುಡಿದ ಟಿಶ್ಯೂ ಕಾಗದ ಹಾಕಿ ಸೀಲ್ ಮಾಡಿ ಒಂದು ರಾತ್ರಿ ಹೊರಗೇ ಬಿಡಿ. ಬೆಳಿಗ್ಗೆಯೂ ಕಲ್ಲಿನಂತೆ ಗಟ್ಟಿ ಇರಬೇಕು. ಆಮೇಲೆ ಖಾಲಿ ಕವರಿನಲ್ಲಿ ಗಾಳಿ ಬಿಟ್ಟು ಬಾಯಿ ಮಾತ್ರ ಅಂಟಿಸಿ, ಬಕೆಟ್ ನೀರಿನಲ್ಲಿ ಅದುಮಿ. ಗುಳ್ಳೆ ಎದ್ದರೆ ಅಂಟು ಸೋರುತ್ತಿದೆ.

2. ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಕಿ ಒದ್ದೆ ಬಟನ್ನಿನಲ್ಲಿ ಸೀಲ್ ಮಾಡಿ. ನಡುವೆ ನಿಲ್ಲಿಸಿ ಅಂಟಿಸಲು ಆಗುತ್ತದಾ, ತಟ್ಟೆಗೆ ನೀರು ಬೀಳುತ್ತದಾ, ಎರಡೂ ಗೊತ್ತಾಗುತ್ತದೆ.

3. ಪುಸ್ತಕದಲ್ಲಿ ಹೇಳಿದಷ್ಟು ವಿರಾಮ ಕೊಟ್ಟು ಹತ್ತು ಸೀಲ್ ಹಾಕಿ. ಕವರ್ ವ್ಯರ್ಥ ಮಾಡಬೇಕಿಲ್ಲ, ಒಂದೇ ತುಂಡನ್ನು ಮೇಲಿನಿಂದ ಕೆಳಗೆ ಸಾಲಾಗಿ ಅಂಟಿಸುತ್ತಾ ಹೋಗಿ. ಮೊದಲನೇ ಗೆರೆಯೂ ಹತ್ತನೇ ಗೆರೆಯೂ ಒಂದೇ ಥರ ಇರಬೇಕು. ಹತ್ತನೆಯದು ಕರಗಿ ಸುಕ್ಕಾಗಿದ್ದರೆ ಮಷಿನ್ ವಿಪರೀತ ಬಿಸಿಯಾಗುತ್ತಿದೆ. ವಾಪಸ್ ಕಳಿಸಿ.

ಹಂತ 7: ಮೊದಲ ಕಂತು ಸೀಲ್ ಮಾಡುವ ಕ್ರಮ

ಮೀನು ತಾಜಾ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ಬಂಗುಡೆ, ಬೂತಾಯಿ, ಕೇದಾರ (ಟ್ಯೂನಾ) ಥರದ ಮೀನು ಬಿಸಿಲಿನಲ್ಲಿ ಕೂತರೆ ಅದರಲ್ಲಿ ಹಿಸ್ಟಮೀನ್ ಎಂಬುದು ಸೇರಿಕೊಳ್ಳುತ್ತದೆ. ತಿಂದವರ ನಾಲಿಗೆ ಉರಿದು ಮುಖ ಕೆಂಪಾಗುತ್ತದೆ. ಅದು ಫ್ರೀಜ್ ಮಾಡಿದರೂ ಹೋಗದು, ಕುದಿಸಿದರೂ ಹೋಗದು.

1. ಹೊಟ್ಟೆ, ಕಿವಿರು ತೆಗೆಸಿ. ರೆಕ್ಕೆಗಳನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಮೀನು ಕೊಯ್ದುಕೊಡುವ ಅಕ್ಕನಿಗೆ "ಫ್ರೀಜರಿಗೆ ಇಡ್ಲಿಕ್ಕೆ" ಎಂದು ಮೊದಲೇ ಹೇಳಿದರೆ ಅವರೇ ಸವರಿಕೊಡುತ್ತಾರೆ. ಸಿಗಡಿಯಾದರೆ ತಲೆ ತೆಗೆಯಿರಿ. ತಲೆಯ ಮೇಲಿನ ಗರಗಸದಂಥ ಮುಳ್ಳು ಎಂಥ ಕವರನ್ನೂ ತೂತು ಮಾಡುತ್ತದೆ.

2. ತಣ್ಣೀರಿನಲ್ಲಿ ತೊಳೆದು ನೀರು ಬಸಿಯಿರಿ. ಆಮೇಲೆ ಹಳೆ ಹತ್ತಿ ಬಟ್ಟೆಯಲ್ಲಿ ಒಂದೊಂದು ತುಂಡನ್ನೂ ಒರೆಸಿ. ಹೊಟ್ಟೆಯ ಒಳಭಾಗವನ್ನೂ ಬಿಡಬೇಡಿ. ಎಲ್ಲರೂ ಹಾರಿಸುವ ಕೆಲಸ ಇದೇ. ಉಪ್ಪು, ಮಸಾಲೆ ಈಗ ಹಚ್ಚಬೇಡಿ. ಉಪ್ಪು ನೀರು ಬಿಡಿಸುತ್ತದೆ, ಮಸಾಲೆ ಅಂಟಿನ ಜಾಗಕ್ಕೆ ತಾಗುತ್ತದೆ.

3. ಸ್ಟೀಲ್ ತಟ್ಟೆಗೆ ಬಟರ್ ಪೇಪರ್ ಹಾಸಿ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು ಫ್ರೀಜರಿಗೆ ಹಾಕಿ. ಬೆರಳಿನಿಂದ ಒತ್ತಿದರೆ ಮೇಲ್ಮೈ ಗಟ್ಟಿ ಎನಿಸಬೇಕು. ತುಂಡಿಗೆ ಒಂದೆರಡು ಗಂಟೆ, ಇಡೀ ಬಂಗುಡೆಗೆ ಇನ್ನೂ ಸ್ವಲ್ಪ ಹೊತ್ತು. ರಾತ್ರಿಯಿಡೀ ಮರೆತರೆ ಒಣಗುತ್ತದೆ. ಈ ಒಂದು ಹಂತ ಮಾಡಿದರೆ ಹಂತ 4ರಲ್ಲಿ ಹೇಳಿದ ಕೆಂಪು ಗೆರೆ ಏಳುವುದೇ ಇಲ್ಲ.

4. ಕವರಿನ ಬಾಯನ್ನು ಅಂಗಿಯ ತೋಳಿನ ಹಾಗೆ ನಾಲ್ಕೈದು ಸೆಂಟಿಮೀಟರ್ ಹೊರಕ್ಕೆ ಮಡಚಿ, ಆಮೇಲೆ ಮೀನು ಹಾಕಿ. ಮಡಿಕೆ ಬಿಡಿಸಿದಾಗ ಅಂಟಿಸುವ ಜಾಗ ಒಣಗಿ ಚೊಕ್ಕವಾಗಿರುತ್ತದೆ. ಮೀನಿನಿಂದ ಬಾಯಿಗೆ ಕನಿಷ್ಠ 7-8 ಸೆಂಟಿಮೀಟರ್ ಬಿಡಿ.

5. ಮೀನಿಗೂ ಬಾಯಿಗೂ ನಡುವೆ ಮಡಚಿದ ಟಿಶ್ಯೂ ಕಾಗದದ ಪಟ್ಟಿ ಅಡ್ಡ ಇಡಿ. ಸಣ್ಣ ಅಣೆಕಟ್ಟು. ತಪ್ಪಿ ಬಂದ ಹನಿಯನ್ನು ಅದು ಹೀರುತ್ತದೆ.

6. ಒದ್ದೆ ಬಟನ್ನಿನಲ್ಲಿ ಶುರು ಮಾಡಿ. ಕಣ್ಣು ಕವರಿನ ಮೇಲಿರಲಿ, ಕೈ ಸೀಲ್ ಬಟನ್ನಿನ ಮೇಲೆ. ನೀರು ಟಿಶ್ಯೂ ದಾಟುವ ಲಕ್ಷಣ ಕಂಡರೆ ಕೂಡಲೇ ಒತ್ತಿ. ಚೂರು ಗಾಳಿ ಉಳಿದರೆ ಉಳಿಯಲಿ. ಪೂರ್ತಿ ಗಾಳಿ ತೆಗೆದ ಒದ್ದೆ ಅಂಟಿಗಿಂತ ಚೂರು ಗಾಳಿ ಇರುವ ಒಣ ಅಂಟು ಜಾಸ್ತಿ ದಿನ ಬಾಳುತ್ತದೆ. ಕಾಣೆಯಂಥ ಮೆತ್ತನೆ ಮೀನಿಗಂತೂ ಪೂರ್ತಿ ಎಳೆಸಲೇಬೇಡಿ, ಜಜ್ಜಿಹೋಗುತ್ತದೆ.

7. ಮೊದಲ ಅಂಟಿನಿಂದ ಒಂದು ಸೆಂಟಿಮೀಟರ್ ಹೊರಗೆ ಇನ್ನೊಂದು ಅಂಟು ಹಾಕಿ. ತಾರೀಕು, ಮೀನಿನ ಹೆಸರು ಬರೆಯಿರಿ. ಫ್ರೀಜರಿನಲ್ಲಿ ಮೊದಲ ದಿನ ಪ್ಯಾಕೆಟ್‌ಗಳನ್ನು ಅಗಲವಾಗಿ ಹರಡಿ ಇಡಿ, ಗಟ್ಟಿಯಾದ ಮೇಲೆ ಪುಸ್ತಕದಂತೆ ಜೋಡಿಸಿ.

ಕೆಲಸ ಮುಗಿದ ಮೇಲೆ ತಟ್ಟೆ ತೊಳೆಯಿರಿ, ಗ್ಯಾಸ್ಕೆಟ್ ಒರೆಸಿ ಒಣಗಿಸಿ. ಮುಚ್ಚಳವನ್ನು ಬೀಗ ಹಾಕಿ ಎತ್ತಿಡಬೇಡಿ. ತಿಂಗಳುಗಟ್ಟಲೆ ಅದುಮಿಕೊಂಡಿದ್ದರೆ ಗ್ಯಾಸ್ಕೆಟ್ ಚಪ್ಪಟೆಯಾಗಿ ಮುಂದಿನ ಮೇಯಲ್ಲಿ ಗಾಳಿ ಹಿಡಿಯುವುದಿಲ್ಲ.

ಹಂತ 8: ಕರಗಿಸುವಾಗ ಕವರ್ ಕತ್ತರಿಸಿ

ಗಾಳಿ ತೆಗೆದ ಮೀನು ಕೆಡುವುದಿಲ್ಲ, ಫ್ರಿಜ್‌ನ ಕೆಳಗೆ ಇಟ್ಟರೂ ನಡೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇದು ಅಪಾಯದ ಮಾತು. ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಗಾಳಿ ಇಲ್ಲದ ಜಾಗವೇ ಇಷ್ಟ. ಮೀನಿನಲ್ಲಿ ಕಾಣಿಸಿಕೊಳ್ಳುವ ಅದರ ಒಂದು ಬಗೆ ಮೂರು-ನಾಲ್ಕು ಡಿಗ್ರಿ ಚಳಿಯಲ್ಲೂ ಬೆಳೆಯಬಲ್ಲದು. ಅಂದರೆ ನಿಮ್ಮ ಫ್ರಿಜ್‌ನಲ್ಲೇ. ಕೆಟ್ಟ ವಾಸನೆ ಬರಲೇಬೇಕೆಂದಿಲ್ಲ. ಹಾಗಾಗಿ ಸೀಲ್ ಮಾಡಿದ ಮೀನಿನ ಜಾಗ ಫ್ರೀಜರ್ ಮಾತ್ರ.

ನಾಳೆಯ ಸಾರಿಗೆ ಇವತ್ತು ರಾತ್ರಿ ತೆಗೆಯುವಾಗ ಮೊದಲು ಕವರ್ ಕತ್ತರಿಸಿ. ಮೀನನ್ನು ಪಾತ್ರೆಗೆ ಹಾಕಿ, ಮೇಲೊಂದು ತಟ್ಟೆಯನ್ನು ಸಡಿಲವಾಗಿ ಮುಚ್ಚಿ ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ ಇಡಿ. ಅಡುಗೆ ಕಟ್ಟೆಯ ಮೇಲೆ, ಸೀಲ್ ಇದ್ದ ಹಾಗೇ, ಮಧ್ಯಾಹ್ನದವರೆಗೆ ಬಿಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಈ ಲಕ್ಷಣ ಕಂಡರೆ

ಮರುದಿನ ಕವರ್ ಸಡಿಲ: ಕವರನ್ನು ನೀರಿನಲ್ಲಿ ಅದುಮಿ ನೋಡಿ. ಗುಳ್ಳೆ ಬಾಯಿಯಿಂದ ಬಂದರೆ ಅಂಟು ಒದ್ದೆಯಾಗಿತ್ತು, ಮೈಯಿಂದ ಬಂದರೆ ಮುಳ್ಳು ಚುಚ್ಚಿದೆ. ಮೀನು ಇನ್ನೂ ಕಲ್ಲಿನಂತಿದ್ದರೆ ಹೊಸ ಕವರಿಗೆ ಹಾಕಿ ಸೀಲ್ ಮಾಡಿ. ಮುಳ್ಳಿನ ಮೇಲೆ ಮಡಚಿದ ಬಟರ್ ಪೇಪರ್ ಇಡಿ.

ಅಂಟಿನ ಗೆರೆ ನಡುನಡುವೆ ಬಿಳಿ, ನಡುನಡುವೆ ಪಾರದರ್ಶಕ: ಸರಿಯಾದ ಅಂಟು ಉದ್ದಕ್ಕೂ ಒಂದೇ ಥರ ಕಾಣಬೇಕು. ಬಿಸಿತಂತಿಯ ಮೇಲಿನ ಟೆಫ್ಲಾನ್ ಪಟ್ಟಿಗೆ ಪ್ಲಾಸ್ಟಿಕ್ ಅಥವಾ ಮೀನಿನ ಎಣ್ಣೆ ಅಂಟಿದೆಯಾ ನೋಡಿ. ಆರಿದ ಮೇಲೆ ಬಟ್ಟೆಯಿಂದ ಒರೆಸಿ, ಚಾಕುವಿನಿಂದ ಕೆರೆಯಬೇಡಿ.

ಪಂಪ್ ನಿಲ್ಲದೆ ಓಡುತ್ತಿದೆ: ಕವರಿನ ಬಾಯಿ ಮಷಿನ್‌ನ ಕುಳಿಯೊಳಗೆ ಕೂತಿಲ್ಲ, ಕವರ್ ಸುಕ್ಕಾಗಿದೆ, ಇಲ್ಲವೇ ಗ್ಯಾಸ್ಕೆಟ್ ಎದ್ದಿದೆ. ಈ ಮೂರರಲ್ಲಿ ಒಂದು.

ಪ್ಯಾಕೆಟ್ಟಿನೊಳಗೆ ಕೆಂಪು ಐಸ್ ಒಂದು ಮೂಲೆಯಲ್ಲಿ ಗಡ್ಡೆಗಟ್ಟಿದೆ: ನಡುವೆ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಜೂನ್ ಮಳೆಯಲ್ಲಿ ಕರೆಂಟ್ ಹೋದರೆ ಹೀಗಾಗುತ್ತದೆ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿದಿಡುತ್ತದೆ. ಹೋದ ವರ್ಷ ಕರೆಂಟ್ ಹೋಗಿದ್ದಾಗ ನಮ್ಮ ಮನೆಯಲ್ಲಿ "ಕರಗಿದೆಯಾ" ಎಂದು ಗಂಟೆಗೊಮ್ಮೆ ತೆರೆದು ನೋಡಿ ನಾವೇ ಕರಗಿಸಿದೆವು. ಈಗ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟಿರುತ್ತೇನೆ. ಊರಿಂದ ಬಂದಾಗ ನಾಣ್ಯ ತಳ ಸೇರಿದ್ದರೆ ಮೀನು ಪೂರ್ತಿ ಕರಗಿತ್ತೆಂದು ಅರ್ಥ. ಆ ಪ್ಯಾಕೆಟ್‌ಗಳನ್ನು ನಾನು ಬೆಕ್ಕಿಗೂ ಹಾಕುವುದಿಲ್ಲ.

ಕವರ್ ಬಲೂನಿನಂತೆ ಉಬ್ಬಿದೆ: ಮೂಸಿ ನೋಡಲೂ ಬಿಚ್ಚಬೇಡಿ. ಇನ್ನೊಂದು ಕವರಿನಲ್ಲಿ ಸುತ್ತಿ ಕಸಕ್ಕೆ ಹಾಕಿ, ಕೈ ತೊಳೆಯಿರಿ.